ಕಿವಿಯೊಳಗಿನ ಗುಡುಗು

ಸಂಗೀತದಲ್ಲಿ ‘ಅಸಲಿ’ ಎಂಬ ಮಾತನ್ನು ಯಾರು ಹೆಚ್ಚಾಗಿ ಆಡುತ್ತಾರೋ ಅವರ ಮನೆ ಎಷ್ಟು ದೊಡ್ಡದು ಎಂದು ಮೊದಲು ವಿಚಾರಿಸಿಕೊಳ್ಳಬೇಕು. ಇದು ನನ್ನ ಬಹುಕಾಲದ ಅಭಿಪ್ರಾಯ. ಕೊಂಚ ಒರಟಾಗಿ ಕೇಳಿಸಬಹುದು, ಕೇಳಿಸಲಿ. ಆರ್.ಟಿ. ನಗರದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಸರಳೆ, ಜಂಟಿವರಸೆ ಹೇಳಿಕೊಟ್ಟು, ಈಗ ಯಲಹಂಕ ಉಪನಗರದ ಒಂದು ಫ್ಲ್ಯಾಟಿನ ಮೂರನೆಯ ಮಹಡಿಗೆ ಬಂದು ಕೂತವಳು ನಾನು. ಸದ್ದಿಗೂ ಗೋಡೆಗೂ ಇರುವ ಸಂಬಂಧವನ್ನು ನನಗೆ ಯಾರೂ ಪುಸ್ತಕ ತೆರೆದು ಕಲಿಸಬೇಕಾಗಿಲ್ಲ.

ಈಗಿನ ಜಗಳ ಎಲೆಕ್ಟ್ರಿಕ್ ಗಿಟಾರಿನದು. ನನ್ನ ಅಕ್ಕನ ಮಗಳು ನಮ್ಮಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಹಾಡು ನನ್ನಿಂದ ಕಲಿತಳು, ಗಿಟಾರು ತಾನಾಗಿಯೇ ಕಲಿತಳು. ಅವಳ ಬಳಿ ಒಗ್ಗರಣೆ ಡಬ್ಬಿಯಷ್ಟು ಅಗಲದ ಒಂದು ಪೆಟ್ಟಿಗೆ ಇದೆ. ಅದಕ್ಕೆ ‘ಮಾಡೆಲರ್’ ಎನ್ನುತ್ತಾರೆ. ಗಿಟಾರಿನ ವೈರನ್ನು ಅದಕ್ಕೆ ಸಿಕ್ಕಿಸಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಮುಗಿಯಿತು. ಪಕ್ಕದಲ್ಲಿ ಕೂತವರಿಗೆ ಕೇಳಿಸುವುದು ಉಗುರಿನಿಂದ ತಂತಿ ಕೆರೆದಂಥ ಟಿಕ್ ಟಿಕ್. ಅವಳ ಕಿವಿಯೊಳಗೆ ಮಾತ್ರ ಗುಡುಗು. ಆಳೆತ್ತರಕ್ಕೆ ಸ್ಪೀಕರ್ ಪೇರಿಸಿಟ್ಟು ಬಯಲಿನಲ್ಲಿ ಬಾರಿಸಿದರೆ ಹೇಗೆ ಕೇಳಿಸೀತೋ ಹಾಗೆ ಕೇಳಿಸುವಂತೆ ಲೆಕ್ಕ ಹಾಕಿ ಸದ್ದು ಹುಟ್ಟಿಸುವ ಪುಟ್ಟ ಕಂಪ್ಯೂಟರ್ ಅದು. 1998ರಲ್ಲಿ ಅಮೆರಿಕದ ಲೈನ್ 6 ಕಂಪನಿ ‘ಪಾಡ್’ ಎಂಬ ಕೆಂಪು ಪೆಟ್ಟಿಗೆ ತಂದ ಮೇಲೆ ಇಂಥವು ಸಾಮಾನ್ಯರ ಕೋಣೆಗಳಿಗೂ ಇಳಿದವು.

ಅವಳ ಜೊತೆ ನುಡಿಸುವ ಹುಡುಗರಲ್ಲಿ ಒಬ್ಬ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಾ ಹೇಳಿದ: “ಆಂಟಿ, ಇದೆಲ್ಲ ಆಟದ ಸಾಮಾನು. ಅಸಲಿ ಆಂಪ್ ಮುಂದೆ ನಿಂತು ಬಾರಿಸದೇ ಇದ್ದೋರು ಗಿಟಾರಿಸ್ಟೇ ಅಲ್ಲ.” ಹುಡುಗ ಒಳ್ಳೆಯವನೇ. ಸಹಕಾರನಗರದಲ್ಲಿ ಸ್ವಂತ ಮನೆ, ಮನೆಯ ಹಿಂದೆ ಕಾರ್ ಷೆಡ್ಡು, ಷೆಡ್ಡಿನಲ್ಲಿ ಆಂಪ್ಲಿಫೈಯರು. ಅವನ ತಾಯಿ, ಪಾಪ, ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗುವ ಅಭ್ಯಾಸವನ್ನೇ ಬಿಟ್ಟಿದ್ದಾರಂತೆ. ಈ ಕೊನೆಯ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿ.

ಅವನ ಮಾತಿನಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನು ಮೊದಲು ಒಪ್ಪಿಬಿಡೋಣ. ಇಲ್ಲದಿದ್ದರೆ ಜಗಳಕ್ಕೆ ರುಚಿಯಿಲ್ಲ. ಗಿಟಾರಿನ ಆಂಪ್ಲಿಫೈಯರ್ ಎಂದರೆ ಸಭೆಯಲ್ಲಿ ಭಾಷಣಕ್ಕೆ ಇಡುವ ಮೈಕ್ ಸೆಟ್ಟಿನಂಥದ್ದಲ್ಲ. ಮೈಕ್ ಸೆಟ್ಟು ಕೊಟ್ಟದ್ದನ್ನು ದೊಡ್ಡದು ಮಾಡಿ ಸುಮ್ಮನಾಗುತ್ತದೆ. ಇದು ತಾನೇ ಒಂದು ವಾದ್ಯ. ನಮ್ಮ ಹಳೆಯ ರೇಡಿಯೋಗಳಲ್ಲಿ, ಹಚ್ಚಿದ ಮೇಲೆ ಒಂದು ನಿಮಿಷ ಕಾದು ಕೆಂಪಗಾಗುವ ಗಾಜಿನ ವಾಲ್ವುಗಳಿದ್ದವಲ್ಲ, ಅವು ಒಳ್ಳೆಯ ಗಿಟಾರ್ ಆಂಪ್ಲಿಫೈಯರುಗಳಲ್ಲಿ ಇಂದಿಗೂ ಇವೆ. ವಾಲ್ವನ್ನು ಅದರ ಶಕ್ತಿ ಮೀರಿ ದುಡಿಸಿದರೆ ಸ್ವರ ಒಡೆಯುತ್ತದೆ. ನಾವು ದೋಷ ಎನ್ನುವ ಆ ಒಡಕನ್ನೇ ರಾಕ್ ಸಂಗೀತದವರು ಸೊಗಸು ಎಂದು ಎತ್ತಿಕೊಂಡರು. ಲಂಡನ್ನಿನ ಜಿಮ್ ಮಾರ್ಷಲ್ 1965ರಲ್ಲಿ ‘ದಿ ಹೂ’ ತಂಡದ ಪೀಟ್ ಟೌನ್‌ಶೆಂಡನಂಥವರ ಒತ್ತಾಯಕ್ಕೆ 100 ವ್ಯಾಟಿನ ಆಂಪ್ಲಿಫೈಯರ್ ಮಾಡಿಕೊಟ್ಟ ಮೇಲಂತೂ ಸದ್ದಿನ ಆಸೆಗೆ ಮೇರೆಯೇ ಇಲ್ಲದಾಯಿತು.

ಇನ್ನು ಸ್ಪೀಕರು. ಇಲ್ಲಿದೆ ಇಡೀ ವ್ಯಾಜ್ಯದ ತಿರುಳು. ನೀವು ಒರಳಲ್ಲಿ ರುಬ್ಬಿದವರಾದರೆ ಒಂದೇ ಮಾತಿಗೆ ತಿಳಿಯುತ್ತದೆ. ಗುಂಡನ್ನು ತಿರುಗಿಸುವುದು ಕೈಯೇ. ಆದರೆ ಎಷ್ಟು ಬಲ ಬೇಕೆಂದು ಕೈಗೆ ಹೇಳುವುದು ಒರಳಲ್ಲಿರುವ ಹಿಟ್ಟು. ಅಕ್ಕಿ ನುಣ್ಣಗಾಗುತ್ತಾ ಬಂದ ಹಾಗೆ, ಉದ್ದು ಉಬ್ಬುತ್ತಾ ಬಂದ ಹಾಗೆ, ಕೈ ತನಗೇ ಗೊತ್ತಿಲ್ಲದಂತೆ ಬಲ ಬದಲಿಸುತ್ತದೆ. ವಾಲ್ವಿನ ಆಂಪ್ಲಿಫೈಯರಿಗೂ ಸ್ಪೀಕರಿಗೂ ಇರುವ ನಂಟು ಇಂಥದ್ದೇ. ಸ್ಪೀಕರಿನ ಬೆನ್ನ ಮೇಲೆ 8 ಓಮ್ ಎಂದೋ 16 ಓಮ್ ಎಂದೋ ತಡೆಯನ್ನು ಬರೆದಿರುತ್ತಾರೆ. ಆದರೆ ಅದು ಎಲ್ಲ ಸ್ವರಕ್ಕೂ ಒಂದೇ ಅಲ್ಲ. ತಗ್ಗಿನ ಸ್ವರಗಳಲ್ಲಿ, ಸೆಕೆಂಡಿಗೆ ಸುಮಾರು 75ರಿಂದ 120 ಕಂಪನಗಳ ನಡುವೆ ಎಲ್ಲೋ ಒಂದು ಕಡೆ, ಸ್ಪೀಕರಿನ ಕಾಗದದ ಬಟ್ಟಲು ತಾನಾಗಿಯೇ ಜೀಕಲು ಹವಣಿಸುತ್ತದೆ. ಅಲ್ಲಿ ತಡೆ ಹಲವು ಪಟ್ಟು ಏರುತ್ತದೆ. ಮರದ ಪೆಟ್ಟಿಗೆ ಹಿಂದೆ ಮುಚ್ಚಿದ್ದರೆ ಆ ಜಾಗ ಒಂದು, ತೆರೆದಿದ್ದರೆ ಇನ್ನೊಂದು. ಮೇಲಿನ ಸ್ವರಗಳತ್ತ ಹೋದರೆ ತಂತಿಸುರುಳಿಯ ಗುಣದಿಂದ ತಡೆ ಮತ್ತೆ ಏರುತ್ತದೆ. ಟ್ರಾನ್ಸಿಸ್ಟರಿನ ಆಂಪ್ಲಿಫೈಯರ್ ಸಾಮಾನ್ಯವಾಗಿ ಇದಕ್ಕೆಲ್ಲ ಕಿವಿಗೊಡುವುದಿಲ್ಲ. ವಾಲ್ವಿನದು ಹಾಗಲ್ಲ, ತಡೆ ಏರಿದಲ್ಲೆಲ್ಲ ಅದರ ಒತ್ತಡವೂ ಏರುತ್ತದೆ. ಆದ್ದರಿಂದ ತಗ್ಗಿನಲ್ಲಿ ಎದೆಗೆ ಗುದ್ದು, ಮೇಲೆ ಹೊಳಪು.

ಜೋರಾಗಿ ನುಡಿಸಿದಾಗ ಇನ್ನೂ ಒಂದಿಷ್ಟು ನಡೆಯುತ್ತದೆ. ಸ್ಪೀಕರಿಗೆ ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕ ಪಾಲು ಸದ್ದಾಗುವುದಿಲ್ಲ, ಬಿಸಿಯಾಗುತ್ತದೆ. ತಾಮ್ರದ ತಂತಿ ಒಂದು ಡಿಗ್ರಿ ಕಾದರೆ ಅದರ ತಡೆ ನೂರಕ್ಕೆ ಸುಮಾರು 0.4ರಷ್ಟು ಹೆಚ್ಚುತ್ತದೆ, ನೂರು ಡಿಗ್ರಿ ಕಾದರೆ ನೂರಕ್ಕೆ ನಲವತ್ತು. ಹೀಗೆ ಕಾದ ಸ್ಪೀಕರು ಏಟನ್ನು ಮೆತ್ತಗೆ ಮಾಡುತ್ತದೆ. ಕಾಗದದ ಬಟ್ಟಲೂ ಒಂದೇ ಸಮನೆ ಆಡುವುದನ್ನು ಬಿಟ್ಟು ಅಲ್ಲಲ್ಲಿ ನಡುಗತೊಡಗುತ್ತದೆ. ಸ್ಪೀಕರಿನಿಂದ ಹೊರಟ ಗಾಳಿ ಹೋಗಿ ಗಿಟಾರಿನ ತಂತಿಯನ್ನೇ ಅಲುಗಿಸುತ್ತದೆ. ಸತ್ತುಹೋಗಬೇಕಾದ ಸ್ವರ ಸಾಯದೆ ನಿಲ್ಲುತ್ತದೆ. ನುಡಿಸುವವರು ಹಿಂದೆ ಸರಿದರೆ ಒಂದು, ತಿರುಗಿ ನಿಂತರೆ ಇನ್ನೊಂದು. ಇದು ಬರಿಯ ಸದ್ದಲ್ಲ, ಮಾತುಕತೆ.

ಇದನ್ನು ನಾನು ನಂಬುವುದಕ್ಕೆ ಗಿಟಾರು ಬೇಕಾಗಿಲ್ಲ, ನಮ್ಮ ತಂಬೂರಿಯೇ ಸಾಕು. ತಂಬೂರಿಯ ಕುದುರೆ ಚೂಪಾಗಿಲ್ಲ, ಅಗಲವಾಗಿ ಬಾಗಿದೆ; ಅದರ ಮೇಲೆ ತಂತಿಯ ಅಡಿಗೆ ಒಂದು ಎಳೆ ನೂಲು ಇಡುತ್ತೇವೆ. ಆ ನೂಲನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿದರೆ ಸಾಕು, ಅಷ್ಟು ಹೊತ್ತು ಮಂಕಾಗಿದ್ದ ತಂಬೂರಿ ಜೇನ್ನೊಣದ ಹಿಂಡಿನಂತೆ ಮೊರೆಯತೊಡಗುತ್ತದೆ. ಇದು ಯಾಕೆ ಹೀಗೆ ಎಂದು 1921ರಲ್ಲಿ ಬರೆದವರು ಸಿ.ವಿ. ರಾಮನ್. ತಂತಿಯನ್ನು ಎಲ್ಲಿ ಮೀಟುತ್ತೇವೋ ಅಲ್ಲಿ ಯಾವ ಮೇಲುಸ್ವರ ನಿಶ್ಚಲವಾಗಿರುತ್ತದೋ ಅದು ಕೇಳಿಸಬಾರದು ಎಂಬುದು ಯುರೋಪಿನ ವಿಜ್ಞಾನಿಗಳ ನಿಯಮ. ತಂಬೂರಿ ಆ ನಿಯಮವನ್ನು ಲೆಕ್ಕಿಸದೆ ಅದೇ ಸ್ವರವನ್ನು ಎತ್ತಿ ಹಾಡುತ್ತದೆ, ಏಕೆಂದರೆ ಅಲುಗುವ ತಂತಿ ಕುದುರೆಯನ್ನು ಮತ್ತೆ ಮತ್ತೆ ತಾಕುತ್ತದೆ, ಕುದುರೆ ತಂತಿಗೆ ಮರುಜವಾಬು ಕೊಡುತ್ತದೆ. 1948ರಲ್ಲಿ ಅವರು ಮೇಖ್ರಿ ಸರ್ಕಲ್ ಹತ್ತಿರ ಕಟ್ಟಿದ ಸಂಸ್ಥೆಯ ಮುಂದೆ ನಾನು ಎಷ್ಟು ಸಾವಿರ ಸಲ ಬಸ್ಸಿನಲ್ಲಿ ಹಾದುಹೋಗಿದ್ದೇನೋ ಲೆಕ್ಕವಿಲ್ಲ. ವಿಚಿತ್ರ ನೋಡಿ, ಅದೇ ಸರ್ಕಲ್ಲಿನ ಇನ್ನೊಂದು ಮಗ್ಗುಲಿಗೆ ಅರಮನೆ ಮೈದಾನ. 2007ರಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅಲ್ಲೇ ನುಡಿಸಿದ್ದು.

ಈಗ ಪೆಟ್ಟಿಗೆಗೆ ಬರೋಣ. ಅನೇಕ ಅಗ್ಗದ ಪೆಟ್ಟಿಗೆಗಳು ಈ ಮಾತುಕತೆಯನ್ನು ಕೇಳಿಸಿಕೊಂಡಿಲ್ಲ. ಅವು ಮಾಡುವುದು ಇಷ್ಟೆ: ಸ್ಪೀಕರಿನ ಮುಂದೆ ಒಂದು ಮೈಕ್ ಇಟ್ಟು, ಒಳಗೆ ಗೊತ್ತಾದ ಒಂದು ಸದ್ದು ಕಳಿಸಿ, ಹೊರಬಂದದ್ದನ್ನು ಹಿಡಿದಿಟ್ಟುಕೊಳ್ಳುತ್ತಾರೆ. ‘ಇಂಪಲ್ಸ್ ರೆಸ್ಪಾನ್ಸ್’ ಎಂದು ಅದರ ಹೆಸರು. ಅದೊಂದು ಫೋಟೋ. ಮದುವೆಮನೆಯಲ್ಲಿ ತೆಗೆದ ಫೋಟೋದಂತೆ ಮುಖ ಎಲ್ಲ ಸರಿಯಾಗಿಯೇ ಇರುತ್ತದೆ. ಆದರೆ ಮಾತಾಡಿಸಿದರೆ ಉತ್ತರ ಬರುವುದಿಲ್ಲ. ಮೆಲ್ಲಗೆ ಮೀಟಿದರೂ ಜೋರಾಗಿ ಮೀಟಿದರೂ ಆ ಫೋಟೋದ ಸ್ಪೀಕರು ಕಾಯುವುದಿಲ್ಲ, ನಡುಗುವುದಿಲ್ಲ, ತಂತಿಗೆ ಏನನ್ನೂ ಹಿಂದಿರುಗಿಸುವುದಿಲ್ಲ. ಹುಡುಗ ಹೇಳಿದ್ದು ಇದನ್ನೇ. ಇಲ್ಲಿಯವರೆಗೆ ಅವನಿಗೆ ನೂರಕ್ಕೆ ನೂರು ಅಂಕ.

ಆದರೆ ಇಲ್ಲಿಂದ ಮುಂದಕ್ಕೆ ಅವನು ಹಾರಿದ್ದಾನೆ ನೋಡಿ! “ಪೆಟ್ಟಿಗೆಯಲ್ಲಿ ಕೊರತೆ ಇದೆ” ಎಂಬುದರಿಂದ “ಪೆಟ್ಟಿಗೆಯವರು ಸಂಗೀತಗಾರರೇ ಅಲ್ಲ” ಎಂಬಲ್ಲಿಗೆ. ಈ ಜಿಗಿತವನ್ನು ನಾನು ಹಿಂದೆಯೂ ಕಂಡಿದ್ದೇನೆ. 1979ರಲ್ಲಿ ನಮ್ಮ ಬೆಂಗಳೂರಿನವರೇ ಆದ ಜಿ. ರಾಜ್‌ನಾರಾಯಣ್, ಇಂಜಿನಿಯರು, ಕೊಳಲು ನುಡಿಸಬಲ್ಲವರು, ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿದರು. ರಾಡೆಲ್ ಎಂಬ ಹೆಸರು ಸಂಗೀತ ಕಲಿತ ಮನೆಗಳಲ್ಲಿ ಯಾರಿಗೆ ಗೊತ್ತಿಲ್ಲ? ಆಗಲೂ ದೊಡ್ಡವರು ಮೂಗು ಮುರಿದರು. ಜೀವವಿಲ್ಲ, ನಾದವಿಲ್ಲ, ಇದು ಸಂಗೀತಕ್ಕೆ ಬಂದ ಕೇಡು ಎಂದರು. ಕುದುರೆಯ ಮೇಲಿನ ಆ ಮಾಯೆ ಇದರಲ್ಲಿಲ್ಲ ಎಂದರು. ನಿಜವಿದ್ದೀತು. ಆದರೆ ಹಾಗೆಂದವರ ಹಿಂದೆ ಕೂತು ತಂಬೂರಿ ಮೀಟುತ್ತಿದ್ದವರು ಯಾರು?

ನಾವು! ಶಿಷ್ಯೆ, ಸೊಸೆ, ಮಗಳು. ನಾನು ನನ್ನ ಗುರುಗಳ ಹಿಂದೆ ಹದಿನಾರನೆಯ ವಯಸ್ಸಿನಿಂದ ಏಳು ವರ್ಷ ಕೂತಿದ್ದೇನೆ. ಮೂರು ಗಂಟೆ ಕಚೇರಿ ಎಂದರೆ ಮೂರು ಗಂಟೆ, ಮಂಡಿ ಬದಲಿಸದೆ, ಕೆಮ್ಮು ಬಂದರೆ ನುಂಗಿಕೊಂಡು. ಆಹ್ವಾನಪತ್ರಿಕೆಯಲ್ಲಿ ಪಿಟೀಲು ಯಾರು, ಮೃದಂಗ ಯಾರು, ಘಟ ಯಾರು ಎಂದು ಇರುತ್ತಿತ್ತು; ತಂಬೂರಿ ಯಾರು ಎಂದು ಅಚ್ಚಾದದ್ದನ್ನು ನಾನು ಕಂಡದ್ದು ಅಪರೂಪ. ಗುರುಗಳ ಮೇಲೆ ನನಗೆ ಸಿಟ್ಟಿಲ್ಲ, ಅವರು ಕೊಟ್ಟ ವಿದ್ಯೆಯಿಂದಲೇ ಅನ್ನ ತಿಂದಿದ್ದೇನೆ. ಆದರೆ ಲೆಕ್ಕ ಲೆಕ್ಕವೇ. ಅವರು ‘ಅಸಲಿ ನಾದ’ ಎಂದು ಕರೆದದ್ದರಲ್ಲಿ ಒಬ್ಬ ಹುಡುಗಿಯ ಏಳು ವರ್ಷದ ಸಂಜೆಗಳು ಸೇರಿದ್ದವು. ಶ್ರುತಿಪೆಟ್ಟಿಗೆ ಬಂದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಅದನ್ನಿಟ್ಟುಕೊಂಡು, ಬೇಳೆ ಬೇಯುವಷ್ಟರಲ್ಲಿ ಒಂದು ವರ್ಣ ಹಾಡಿ ಮುಗಿಸಿದ ಎಷ್ಟು ಹೆಂಗಸರು ನನಗೆ ಗೊತ್ತು! ಯಾರನ್ನೂ ಹಿಂದೆ ಕೂರಿಸಿಕೊಳ್ಳಬೇಕಾಗಿಲ್ಲ, ಯಾರ ಹಿಂದೆಯೂ ಕೂರಬೇಕಾಗಿಲ್ಲ.

ಗಿಟಾರಿನ ಅಸಲಿಗೂ ಹೀಗೇ ಯಾರೋ ತೆರುತ್ತಿದ್ದಾರೆ. ಸಹಕಾರನಗರದ ಆ ತಾಯಿಯ ಮಧ್ಯಾಹ್ನದ ನಿದ್ದೆ ಯಾವ ಖಾತೆಗೆ? “ಸಣ್ಣ ಆಂಪ್ ತಗೊಳ್ಳಿ, ಸಣ್ಣಗೆ ಬಾರಿಸಿ” ಎನ್ನುತ್ತಾರೆ. ಗಿಟಾರಿಗೆಂದು ಮಾಡಿದ ಸ್ಪೀಕರಿಗೆ ಒಂದೇ ಒಂದು ವ್ಯಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ ಸುಮಾರು 100 ಡೆಸಿಬೆಲ್ ಸದ್ದು ಬರುತ್ತದೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಗೊತ್ತುಮಾಡಿದ್ದು ಹಗಲು 55, ರಾತ್ರಿ 45. ಸಣ್ಣಗೆ ಬಾರಿಸುವುದಾದರೆ ವಾಲ್ವು ದುಡಿಯುವುದೂ ಇಲ್ಲ, ಸ್ಪೀಕರು ಕಾಯುವುದೂ ಇಲ್ಲ. ಯಾವುದಕ್ಕಾಗಿ ಅಸಲಿಯನ್ನು ತಂದದ್ದೋ ಅದೇ ಬರುವುದಿಲ್ಲ. ಮೇಲಾಗಿ ನಾಲ್ಕು ಸ್ಪೀಕರಿನ ಒಂದು ಪೆಟ್ಟಿಗೆಯ ತೂಕ 35 ಕೆಜಿ ದಾಟುತ್ತದೆ. ಲಿಫ್ಟ್ ಕೆಟ್ಟ ದಿನ ಅದನ್ನು ಮೂರನೆಯ ಮಹಡಿಗೆ ಯಾರು ಹೊತ್ತಾರು?

“ಹಾಗಾದರೆ ಬಾಡಿಗೆ ಕೊಟ್ಟು ಜ್ಯಾಮ್ ರೂಮಿಗೆ ಹೋಗಲಿ” ಎಂದು ಇನ್ನೊಂದು ಉಪದೇಶ. ಹೋಗಲಿ, ಸಂತೋಷ. ಗಂಟೆಗಿಷ್ಟು ಎಂದು ಬಾಡಿಗೆ. ಹುಡುಗರಿಗೆ ಸಿಗುವುದು ರಾತ್ರಿ ಎಂಟರ ಮೇಲೆ, ಆಗ ಖಾಲಿ. ನಮ್ಮ ಹುಡುಗಿ ಹೆಬ್ಬಾಳದ ಮೇಲ್ಸೇತುವೆ ದಾಟಿ ಹತ್ತೂವರೆಗೆ ಮನೆ ಸೇರಿದರೆ ಮೊದಲು ಕೇಳುವವಳು ಅವಳ ಅಮ್ಮ, ಆಮೇಲೆ ವಾಚ್‌ಮನ್, ಆಮೇಲೆ ಎರಡನೆಯ ಮಹಡಿಯವರು. ಹುಡುಗನನ್ನು ಯಾರೂ ಕೇಳುವುದಿಲ್ಲ, ಹೆಚ್ಚೆಂದರೆ “ಊಟ ಆಯ್ತೇನೋ?” ಎನ್ನುತ್ತಾರೆ. ಪೆಟ್ಟಿಗೆ ಇಲ್ಲದಿದ್ದರೆ ಇಂಥ ಹುಡುಗಿಯರು ಎಲೆಕ್ಟ್ರಿಕ್ ಗಿಟಾರ್ ಮುಟ್ಟುತ್ತಿದ್ದರೇ? ಅವಳು ದಿನಕ್ಕೆ ಎರಡು ಗಂಟೆ ಸಾಧನೆ ಮಾಡುತ್ತಾಳೆ, ರಾತ್ರಿ ಹನ್ನೊಂದರ ಮೇಲೆ, ಮನೆಯವರೆಲ್ಲ ಮಲಗಿದ ಮೇಲೆ. ಷೆಡ್ಡಿನ ಹುಡುಗ ಅಷ್ಟು ಮಾಡುತ್ತಾನೋ ಇಲ್ಲವೋ, ಅವನನ್ನೇ ಕೇಳಬೇಕು.

ಅಸಲಿಯ ಭಕ್ತರಿಗೆ ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಅರಮನೆ ಮೈದಾನವನ್ನು ನಡುಗಿಸಿದ ಅದೇ ಮೆಟಾಲಿಕಾ, ಎರಡು ವರ್ಷದ ತರುವಾಯ, 2013ರ ಡಿಸೆಂಬರ್ 8ರಂದು ಅಂಟಾರ್ಕ್ಟಿಕದಲ್ಲಿ ಅರ್ಜೆಂಟೀನದ ಕಾರ್ಲಿನಿ ನೆಲೆಯಲ್ಲಿ ಕಚೇರಿ ಮಾಡಿತು. ಆ ಜಾಗದ ಜೀವರಾಶಿಗೆ ತೊಂದರೆಯಾಗಬಾರದೆಂದು ಹೊರಗೆ ಸ್ಪೀಕರೇ ಇಡಲಿಲ್ಲ. ಕೇಳುಗರೆಲ್ಲ ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಪೆಂಗ್ವಿನ್ನುಗಳ ನೆಮ್ಮದಿಗಾಗಿ ಹೆಡ್‌ಫೋನ್ ಹಾಕಿಕೊಂಡರೆ ಅದು ಚರಿತ್ರೆ, ಕೆಳಮನೆಯ ಬಾಣಂತಿಯ ನೆಮ್ಮದಿಗಾಗಿ ಹಾಕಿಕೊಂಡರೆ ಆಟದ ಸಾಮಾನು! ಇದ್ಯಾವ ನ್ಯಾಯ, ನೀವೇ ಹೇಳಿ.

ಹಾಗೆಂದು ಪೆಟ್ಟಿಗೆ ಮಾಡುವವರನ್ನು ನಾನು ಸುಮ್ಮನೆ ಬಿಡುವವಳಲ್ಲ. ಕೊರತೆ ಇದೆ ಎಂದು ಒಪ್ಪಿಕೊಂಡಿದ್ದು ಅದನ್ನು ತುಂಬಿ ಎಂದು ಕೇಳುವುದಕ್ಕೇ. ಇದು ಆಗದ ಕೆಲಸವಲ್ಲ. ಸ್ಪೀಕರಿನ ತಡೆ ಎಲ್ಲೆಲ್ಲಿ ಏರುತ್ತದೆ ಎಂಬುದನ್ನೂ, ಸುರುಳಿ ಕಾದು ಏಟು ಮೆತ್ತಗಾಗುವುದನ್ನೂ ಲೆಕ್ಕಕ್ಕೆ ಸೇರಿಸುವ ಪೆಟ್ಟಿಗೆಗಳು ಬಂದಿವೆ. ಅಮೆರಿಕದ ಫ್ರ್ಯಾಕ್ಟಲ್ ಕಂಪನಿಯವರು ಇವನ್ನು ಬೇಕಾದಂತೆ ಹೊಂದಿಸಿಕೊಳ್ಳಲು ಬಿಡುತ್ತಾರೆ. ಆದರೆ ಬೆಲೆ ಕೇಳಿದರೆ ಎದೆ ಒಡೆಯುತ್ತದೆ. ದೊಡ್ಡ ಆಂಪ್ ಇಟ್ಟುಕೊಳ್ಳಲು ಜಾಗವಿರುವವನಿಗೆ ದುಬಾರಿ ಪೆಟ್ಟಿಗೆಯ ಅಗತ್ಯವೇ ಇಲ್ಲ. ಜಾಗ ಇಲ್ಲದವಳಿಗೆ ಸಿಗುವುದು ಫೋಟೋ ಅಂಟಿಸಿದ ಅಗ್ಗದ್ದು. ಇದು ತಲೆಕೆಳಗು. ಸಣ್ಣ ಪೆಟ್ಟಿಗೆಯಲ್ಲೂ ಆ ಮಾತುಕತೆ ಇರಬೇಕು. ಮೆಲ್ಲಗೆ ಮೀಟಿದಾಗ ಒಂದು ಜವಾಬು, ಗಟ್ಟಿಯಾಗಿ ಮೀಟಿದಾಗ ಇನ್ನೊಂದು ಬೆರಳಿಗೆ ತಿಳಿಯಬೇಕು. ಇಲ್ಲದಿದ್ದರೆ ಕಲಿಯುವವರ ಕೈ ಕೆಡುತ್ತದೆ. ಹಿಟ್ಟೇ ಇಲ್ಲದ ಒರಳಲ್ಲಿ ಗುಂಡು ತಿರುಗಿಸಲು ಕಲಿತವಳು ನಾಳೆ ರುಬ್ಬಬಲ್ಲಳೇ? ತಂತಿಯನ್ನು ಗಾಳಿ ಅಲುಗಿಸುವುದೊಂದು ಹೆಡ್‌ಫೋನಿನಲ್ಲಿ ಆಗದು. ಅದಕ್ಕೆ ಗಾಳಿಯೇ ಬೇಕು.

ಹೆಡ್‌ಫೋನಿನ ಬಗ್ಗೆಯೂ ತಾಯಂದಿರಿಗೆ ಒಂದು ಮಾತು. ಹೊರಗೆ ಕೇಳಿಸುತ್ತಿಲ್ಲ ಎಂದು ನಿಶ್ಚಿಂತೆಯಾಗಿರಬೇಡಿ. ತಗ್ಗಿನ ಸದ್ದಿನಲ್ಲಿ ನಮ್ಮ ಕಿವಿಗೆ ಮಂದ್ರ ಸ್ವರ ಮಂಕಾಗಿ ಕೇಳಿಸುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲೇ ಅಳೆದು ತೋರಿಸಿದರು. ಗುದ್ದು ಸಾಲದು ಎಂದು ಮಕ್ಕಳು ತಿರುಗಣಿಯನ್ನು ಏರಿಸುತ್ತಲೇ ಹೋಗುವುದು ಇದರಿಂದಲೇ. ಆ 100 ವ್ಯಾಟಿನ ಟೌನ್‌ಶೆಂಡ್ ಇದ್ದಾನಲ್ಲ, ಅವನು ತನ್ನ ಕಿವಿ ಕೆಟ್ಟದ್ದಕ್ಕೆ ದೂರಿದ್ದು ವೇದಿಕೆಯ ಸ್ಪೀಕರನ್ನಲ್ಲ, ಸ್ಟುಡಿಯೋದ ಹೆಡ್‌ಫೋನನ್ನು.

ಕೊನೆಗೆ ನಮ್ಮ ಅಪಾರ್ಟ್‌ಮೆಂಟಿನ ಸಂಘದವರು. ಹೆಸರು ಹೇಳುವುದಿಲ್ಲ, ದಿನಾ ಮುಖ ನೋಡಬೇಕಾದವರು. ಹೋದ ವರ್ಷ ಅವಳು ಒಂದು ಭಾನುವಾರ ಸಂಜೆ ನಾಲ್ಕಕ್ಕೆ ಪುಟ್ಟದೊಂದು ಸ್ಪೀಕರಿಗೆ ಗಿಟಾರ್ ಸಿಕ್ಕಿಸಿ ಇಪ್ಪತ್ತು ನಿಮಿಷ ನುಡಿಸಿದಳು. ಮರುದಿನವೇ ಲಿಫ್ಟಿನೊಳಗೆ ನೋಟೀಸು. ಕಾರ್ಯದರ್ಶಿಗಳು ಮನೆಗೆ ಬಂದು ನಯವಾಗಿಯೇ ಹೇಳಿದರು: “ಹೆಡ್‌ಫೋನ್ ಇದೆಯಂತಲ್ಲಮ್ಮ, ಇನ್ನು ಹೊರಗೆ ಸದ್ದು ಯಾಕೆ ಬೇಕು?” ಈ ಪ್ರಶ್ನೆ ನನ್ನನ್ನು ಷೆಡ್ಡಿನ ಹುಡುಗನ ಮಾತಿಗಿಂತ ಹೆಚ್ಚು ಕೆಣಕಿತು. ಹುಡುಗ ಪೆಟ್ಟಿಗೆಯನ್ನು ಹಳಿದ. ಇವರು ಅದನ್ನು ಬಾಯಿಗೆ ತುರುಕುವ ಬಟ್ಟೆ ಮಾಡಿಕೊಂಡರು. ಗಣೇಶನ ಹಬ್ಬಕ್ಕೆ ಇದೇ ಸಂಘ ಮೂರು ದಿನ ಆರ್ಕೆಸ್ಟ್ರಾ ಇಡಿಸುತ್ತದೆ, ನಮ್ಮ ಕಿಟಕಿಯ ಗಾಜು ಅದುರುತ್ತದೆ. ಯಾರ ಮನೆಯ ಗೋಡೆ ಕೊರೆದರೂ ಎಂಟು ದಿನ ಡ್ರಿಲ್ಲಿಂಗು. ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ಬಂತೆಂದರೆ ಯಲಹಂಕದ ವಾಯುನೆಲೆಯಿಂದ ಜೆಟ್ಟುಗಳು ನಮ್ಮ ತಲೆಯ ಮೇಲೇ ಹಾಯುತ್ತವೆ. ನಾವೆಲ್ಲ ಟೆರೇಸು ಹತ್ತಿ ಮಕ್ಕಳಿಗೆ ತೋರಿಸುತ್ತೇವೆ, 1996ರಿಂದಲೂ. ಹುಡುಗಿಯೊಬ್ಬಳ ಇಪ್ಪತ್ತು ನಿಮಿಷ ಮಾತ್ರ ಶಬ್ದಮಾಲಿನ್ಯ.

ಪೆಟ್ಟಿಗೆ ಸಾಧನೆಗೆ. ಸಾಧನೆ ಮಾಡಿದ್ದನ್ನು ಒಂದಲ್ಲ ಒಂದು ದಿನ ಗಾಳಿಗೆ ಬಿಡಬೇಕು, ನಾಲ್ಕು ಜನ ಕೇಳಬೇಕು, ತಂತಿ ತಿರುಗಿ ಅಲುಗಬೇಕು. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಹಾಲ್ ಇದೆ. ನಾಮಕರಣ, ಸೀಮಂತ, ಹುಟ್ಟುಹಬ್ಬಕ್ಕೆ ಬಾಡಿಗೆ ಗೊತ್ತುಮಾಡಿದ್ದಾರೆ. ತಿಂಗಳಿಗೆ ಎರಡು ಭಾನುವಾರ ಸಂಜೆ ನಾಲ್ಕರಿಂದ ಐದರವರೆಗೆ ವಾದ್ಯ ನುಡಿಸುವ ಮಕ್ಕಳಿಗೆ ಅದನ್ನು ಬಿಟ್ಟುಕೊಡಬೇಕೆಂದು ನಾನು ಅರ್ಜಿ ಬರೆದೆ. ಹನ್ನೊಂದು ಮನೆಯವರು ಸಹಿ ಹಾಕಿದ್ದಾರೆ, ಅವರಲ್ಲಿ ಒಂಬತ್ತು ಮಂದಿ ಹೆಂಗಸರು. ಸಹಕಾರನಗರದ ಆ ಹುಡುಗನೂ ತನ್ನ ಆಂಪ್ಲಿಫೈಯರನ್ನು ಆ ಒಂದು ಗಂಟೆಗೆ ತಂದುಕೊಡುತ್ತೇನೆಂದು ಒಪ್ಪಿದ್ದಾನೆ, ಹೊರುವುದೂ ಅವನೇ. “ಮೀಟಿಂಗ್‌ನಲ್ಲಿ ನೀವೇ ಮಾತಾಡಿ ಚಿಕ್ಕಮ್ಮ, ನನ್ನ ಮಾತು ಅವರು ಕೇಳಲ್ಲ” ಎಂದಿದ್ದಾಳೆ ಇವಳು. “ನಾನು ಮಾತಾಡ್ತೀನಿ, ನೀನು ಗಿಟಾರ್ ತಗೊಂಡು ಬಾರೇ” ಎಂದಿದ್ದೇನೆ. ಅರ್ಜಿ ಮುಂದಿನ ತಿಂಗಳ ಸಭೆಗೆ ಬರುತ್ತದೆ.